ಅನಾನಸ್ ಪರಿಮಳದಿಂದ ಪೇಂಟ್ ವಾಸನೆಯವರೆಗೆ: ಆರಿ ಹಾಗನ್-ಸ್ಮಿಟ್

ಹೊಸದಾಗಿ ಪೇಂಟ್ ಹೊಡೆದ ರೂಮಿಗೆ ಕಾಲಿಟ್ಟರೆ ಬಣ್ಣ ಕಣ್ಣಿಗೆ ಬೀಳೋ ಮೊದಲೇ ವಾಸನೆ ಮೂಗಿಗೆ ಬಡಿಯುತ್ತೆ. ಎರಡು ದಿನ ಕಿಟಕಿ ತೆರೆದಿಟ್ಟರೆ ವಾಸನೆ ಹೋಗುತ್ತೆ ಅಂತ ಎಲ್ಲ ಪೇಂಟರ್‌ಗಳೂ ಹೇಳ್ತಾರೆ. ಹೋಗೋದೇನೋ ನಿಜ. ಆದರೆ ಎಲ್ಲಿಗೆ ಹೋಗುತ್ತೆ ಅಂತ ನಾವು ಯಾರೂ ಕೇಳಲ್ಲ. ಕಿಟಕಿಯಾಚೆ ಆಕಾಶ ದೊಡ್ಡದಿದೆ, ಅಲ್ಲಿ ಎಲ್ಲೋ ಕರಗಿಹೋಗುತ್ತೆ ಅಂದುಕೊಂಡು ಸುಮ್ಮನಾಗ್ತೀವಿ.

ಕರಗಿಹೋಗಲ್ಲ, ಅಲ್ಲಿ ಅದು ಇನ್ನೊಂದು ರಾಸಾಯನಿಕ ಕ್ರಿಯೆ ಶುರು ಮಾಡುತ್ತೆ ಅಂತ ಜಗತ್ತಿಗೆ ತೋರಿಸಿಕೊಟ್ಟವರು ಆರಿ ಹಾಗನ್-ಸ್ಮಿಟ್. ಇವರು ಪೇಂಟ್ ಕಂಪನಿಯಲ್ಲಿ ಕೆಲಸ ಮಾಡಿದವರಲ್ಲ. ಗಿಡಗಳ ಎಣ್ಣೆ, ಹಣ್ಣುಗಳ ಪರಿಮಳ, ಇದೇ ಇವರ ವಿಷಯವಾಗಿತ್ತು. ಇವತ್ತು ಅಂಗಡಿಯಲ್ಲಿ 'ಲೋ ವಿಓಸಿ' ಅಂತ ಬರೆದಿರೋ ಪೇಂಟ್ ಡಬ್ಬಿ ಸಿಗುತ್ತಲ್ಲ, ಅದರ ಹಿಂದಿನ ಕಥೆ ಹುಡುಕುತ್ತಾ ಹೋದರೆ ನಾವು ಬಂದು ನಿಲ್ಲೋದು ಇವರ ಲ್ಯಾಬ್ ಬಾಗಿಲಿಗೆ.

ಯುಟ್ರೆಕ್ಟ್‌ನಿಂದ ಪ್ಯಾಸಡೀನಾಗೆ

ಹಾಗನ್-ಸ್ಮಿಟ್ ಹುಟ್ಟಿದ್ದು 1900ರ ಡಿಸೆಂಬರ್ 22ರಂದು, ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ಊರಿನಲ್ಲಿ. ತಂದೆ ಅಲ್ಲಿನ ಸರ್ಕಾರಿ ಟಂಕಸಾಲೆಯಲ್ಲಿ ರಸಾಯನಶಾಸ್ತ್ರಜ್ಞರು. ಮಗ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಓದಿ 1929ರಲ್ಲಿ ಡಾಕ್ಟರೇಟ್ ಪಡೆದರು. ಸಂಶೋಧನೆಯ ವಿಷಯ ಟರ್ಪೀನ್‌ಗಳು. ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸುತ್ತಲ್ವಾ? ಆಯಿಲ್ ಪೇಂಟ್ ತೆಳು ಮಾಡೋಕೆ ಬಳಸುವ ಟರ್ಪೆಂಟೈನ್‌ನಲ್ಲಿ ಇರೋದು ಮುಖ್ಯವಾಗಿ ಟರ್ಪೀನ್‌ಗಳೇ. ಪೈನ್ ಮರದ ಅಂಟನ್ನು ಬಟ್ಟಿ ಇಳಿಸಿದಾಗ ಸಿಗುವ ಎಣ್ಣೆ ಅದು. ನಿಂಬೆ ಸಿಪ್ಪೆಯ ವಾಸನೆಯೂ ಇದೇ ಕುಟುಂಬಕ್ಕೆ ಸೇರಿದ್ದು.

ಆಮೇಲೆ ಅವರ ಗಮನ ಸಸ್ಯ ಹಾರ್ಮೋನುಗಳ ಕಡೆಗೆ ತಿರುಗಿತು. ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಆಕ್ಸಿನ್ ನೆನಪಿರುತ್ತೆ. ಅದರಲ್ಲಿ ಬಹಳ ಮುಖ್ಯವಾದ ಇಂಡೋಲ್ ಅಸಿಟಿಕ್ ಆಸಿಡ್ ಅನ್ನು 1934ರಲ್ಲಿ ಮನುಷ್ಯರ ಮೂತ್ರದಿಂದ ಬೇರ್ಪಡಿಸಿದ ಮೂವರಲ್ಲಿ ಇವರೂ ಒಬ್ಬರು. ಇನ್ನಿಬ್ಬರು ಫ್ರಿಟ್ಜ್ ಕೋಗ್ಲ್ ಮತ್ತು ಹ್ಯಾನಿ ಎರ್ಕ್ಸ್‌ಲೆಬೆನ್. ತುಂಬಾ ದ್ರವದಲ್ಲಿ ಅಡಗಿರುವ ಚಿಟಿಕೆಯಷ್ಟು ವಸ್ತುವನ್ನು ಹಿಡಿಯೋದು ಹೇಗೆ ಅನ್ನೋ ವಿದ್ಯೆ ಅವರಿಗೆ ಸಿದ್ಧಿಸಿದ್ದು ಇಂಥ ಕೆಲಸಗಳಿಂದ. ಈ ವಿದ್ಯೆಯೇ ಮುಂದೆ ಅವರ ಬದುಕಿನ ದಾರಿ ಬದಲಿಸಿತು.

1936ರಲ್ಲಿ ಅಮೆರಿಕದ ಹಾರ್ವರ್ಡ್‌ಗೆ ಹೋದರು. ಮರುವರ್ಷ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿರುವ ಕ್ಯಾಲ್‌ಟೆಕ್ ಸೇರಿದರು. ಉಳಿದ ಬದುಕೆಲ್ಲ ಅಲ್ಲೇ ಕಳೆಯಿತು. ಸಸ್ಯಗಳು ತಮ್ಮ ಗಾಯ ಮಾಯಿಸಿಕೊಳ್ಳುವಾಗ ಬರುವ ರಾಸಾಯನಿಕ, ಗಿಡಗಳ ಸುಗಂಧ ತೈಲ, ಹಣ್ಣುಗಳ ರುಚಿ, ಹೀಗೆ ಅವರ ಕೆಲಸ ಸಾಗಿತ್ತು. 1940ರ ದಶಕದಲ್ಲಿ ಅವರು ಅನಾನಸ್ ಹಣ್ಣಿನ ಪರಿಮಳಕ್ಕೆ ಕಾರಣವಾದ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸುತ್ತಿದ್ದರು. ರಾಶಿ ರಾಶಿ ಹಣ್ಣಿನಿಂದ ಹೊರಡುವ ಆವಿಯನ್ನು ಅತಿ ತಣ್ಣಗಿನ ಟ್ರ್ಯಾಪ್‌ನಲ್ಲಿ ಹಿಡಿದು, ಕೊನೆಗೆ ಕೈಗೆ ಬಂದ ಕೆಲವೇ ಹನಿಗಳನ್ನು ಪರೀಕ್ಷೆ ಮಾಡೋದು. ನೋಡಿದರೆ ನಿರುಪದ್ರವಿ ಕೆಲಸ. ಆದರೆ ಆ ಲ್ಯಾಬ್ ಕಿಟಕಿಯಾಚೆಗಿನ ಗಾಳಿ ನಿರುಪದ್ರವಿಯಾಗಿರಲಿಲ್ಲ.

ಬಿಸಿಲಲ್ಲಿ ಬರುವ ಹೊಗೆ

1943ರ ಜುಲೈ ತಿಂಗಳಲ್ಲಿ ಲಾಸ್ ಏಂಜಲಿಸ್ ನಗರವನ್ನು ದಟ್ಟವಾದ ಮಬ್ಬು ಆವರಿಸಿಕೊಂಡಿತು. ಜನರ ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ಆಗ ಎರಡನೇ ಮಹಾಯುದ್ಧ ನಡೀತಿತ್ತು. ಶತ್ರುಗಳು ವಿಷಾನಿಲ ಬಿಟ್ಟಿದ್ದಾರೆ ಅಂತ ಕೆಲವರು ಹೆದರಿದರು. ಇನ್ನು ಕೆಲವರು ಊರೊಳಗಿನ ಕೃತಕ ರಬ್ಬರ್ ಕಾರ್ಖಾನೆಯತ್ತ ಬೊಟ್ಟು ಮಾಡಿದರು. ಅದನ್ನು ಸ್ವಲ್ಪ ಕಾಲ ನಿಲ್ಲಿಸಿದರೂ ಮಬ್ಬು ಹೋಗಲಿಲ್ಲ.

ಹೊಗೆಮಂಜು ಅಂದರೆ ಆಗ ಎಲ್ಲರಿಗೂ ನೆನಪಾಗುತ್ತಿದ್ದುದು ಲಂಡನ್. ಅಲ್ಲಿ ಕಲ್ಲಿದ್ದಲಿನ ಹೊಗೆ, ಅದರ ಗಂಧಕದ ಡೈ ಆಕ್ಸೈಡ್, ಜೊತೆಗೆ ಚಳಿಗಾಲದ ಮಂಜು. ಲಾಸ್ ಏಂಜಲಿಸ್‌ನಲ್ಲೂ ಗಂಧಕವೇ ಕಾರಣ ಇರಬೇಕು ಅಂತ ಮೊದಲು ಊಹಿಸಿದರು. 1947ರಲ್ಲಿ ಜಿಲ್ಲೆಗೊಂದು ವಾಯುಮಾಲಿನ್ಯ ನಿಯಂತ್ರಣ ಇಲಾಖೆಯೂ ಬಂತು. ಗಂಧಕಕ್ಕೆ ಕಡಿವಾಣ ಹಾಕಿದರು. ಕಣ್ಣುರಿ ಮಾತ್ರ ನಿಲ್ಲಲಿಲ್ಲ. ವಿಚಿತ್ರ ಏನಂದ್ರೆ, ಈ ಹೊಗೆ ಚಳಿ ರಾತ್ರಿಯಲ್ಲಿ ಬರ್ತಿರಲಿಲ್ಲ. ಚೆನ್ನಾಗಿ ಬಿಸಿಲು ಬಿದ್ದ ದಿನ, ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತಿತ್ತು. ಸುತ್ತಲಿನ ಹೊಲಗಳಲ್ಲಿ ಪಾಲಕ್‌ನಂಥ ಸೊಪ್ಪಿನ ಎಲೆಗಳ ಅಡಿಭಾಗ ಬೆಳ್ಳಿ ಬಣ್ಣಕ್ಕೆ ತಿರುಗುತ್ತಿತ್ತು. ಕಾರಿನ ಟೈರುಗಳು ಬೇರೆ ಊರುಗಳಿಗಿಂತ ಇಲ್ಲಿ ಬೇಗ ಬಿರುಕು ಬಿಡುತ್ತಿದ್ದವು.

1948ರ ಹೊತ್ತಿಗೆ ಈ ಒಗಟು ಹಾಗನ್-ಸ್ಮಿಟ್ ಕೈಗೆ ಬಂತು. ಅವರನ್ನು ಇದಕ್ಕೆ ಎಳೆದು ತಂದವರಲ್ಲಿ ಪಿಎಚ್ ಮೀಟರ್ ಮಾಡಿದ ಆರ್ನಲ್ಡ್ ಬೆಕ್‌ಮನ್ ಕೂಡ ಒಬ್ಬರು. ನಾವು ಕೆಮಿಸ್ಟ್ರಿ ಸೈಕಲ್‌ನಲ್ಲಿ ಬಳಸಿದ ಪಿಎಚ್ ಮೀಟರ್‌ನ ಮೂಲಪುರುಷ ಇವರೇ. ಹಾಗನ್-ಸ್ಮಿಟ್ ಹೊಸ ಉಪಕರಣ ಯಾವುದನ್ನೂ ಕಟ್ಟಲಿಲ್ಲ. ಅನಾನಸ್ ಆವಿ ಹಿಡಿಯುತ್ತಿದ್ದ ಅದೇ ಟ್ರ್ಯಾಪ್ ಮೂಲಕ ಹೊರಗಿನ ಗಾಳಿಯನ್ನು ಎಳೆದರು. ಸುಮಾರು 30,000 ಘನ ಅಡಿ ಗಾಳಿ, ಅಂದರೆ ಅಂದಾಜು 850 ಘನ ಮೀಟರ್. ನಮ್ಮ ಕ್ಲಾಸ್‌ರೂಮ್ ಮೂರು ಸೇರಿಸಿದರೆ ಎಷ್ಟು ಗಾಳಿ ಇರುತ್ತೋ ಅಷ್ಟು. ಕೊನೆಗೆ ಸಿಕ್ಕಿದ್ದು ಕಂದು ಬಣ್ಣದ, ಕೆಟ್ಟ ವಾಸನೆಯ ಕೆಲವು ಹನಿ.

ಆ ಹನಿಗಳಲ್ಲಿ ಇದ್ದದ್ದು ಆಲ್ಡಿಹೈಡ್, ಆಸಿಡ್, ಪೆರಾಕ್ಸೈಡ್‌ನಂಥ ವಸ್ತುಗಳು. ಅಂದರೆ ಗಾಳಿಯಲ್ಲಿದ್ದ ಹೈಡ್ರೋಕಾರ್ಬನ್‌ಗಳು ಆಕ್ಸಿಡೈಸ್ ಆಗಿವೆ. ಯಾವ ಚಿಮಣಿಯಿಂದಲೂ ಈ ಮಿಶ್ರಣ ನೇರವಾಗಿ ಬಂದಿರಲಿಲ್ಲ. ಇದು ಗಾಳಿಯಲ್ಲೇ ತಯಾರಾಗಿತ್ತು. ಇಡೀ ಕಥೆಯ ತಿರುವು ಇರೋದು ಇಲ್ಲಿ. ಅಲ್ಲಿಯವರೆಗೆ ಎಲ್ಲರೂ ಹುಡುಕುತ್ತಿದ್ದುದು ಹೊಗೆ ಉಗುಳುವ ಒಬ್ಬ ಕಳ್ಳನನ್ನು. ಹಾಗನ್-ಸ್ಮಿಟ್ ನೋಡಿದ್ದು ಇಡೀ ಊರಿನ ಮೇಲಿನ ಆಕಾಶ ಒಂದು ದೊಡ್ಡ ರಿಯಾಕ್ಟರ್ ಆಗಿರುವುದನ್ನು.

ರಬ್ಬರ್ ಪಟ್ಟಿ ಹೇಳಿದ ಸಾಕ್ಷಿ

ಆ ರಿಯಾಕ್ಟರ್‌ಗೆ ಏನೇನು ಹೋಗುತ್ತೆ? ಕಾರಿನ ಹೊಗೆಯಲ್ಲಿ ಬರುವ ನೈಟ್ರೋಜನ್ ಆಕ್ಸೈಡ್‌ಗಳು, ಆವಿಯಾಗುವ ಹೈಡ್ರೋಕಾರ್ಬನ್‌ಗಳು, ಮತ್ತು ಬಿಸಿಲು. ಹೊರಬರುವ ಮುಖ್ಯ ಉತ್ಪನ್ನ ಓಝೋನ್.

ಇದರ ಕೆಮಿಸ್ಟ್ರಿಯನ್ನು ಇವತ್ತು ನಾವು ಹೀಗೆ ಅರ್ಥ ಮಾಡಿಕೊಳ್ಳಬಹುದು. ಬಿಸಿಲು ನೈಟ್ರೋಜನ್ ಡೈ ಆಕ್ಸೈಡ್ ಅನ್ನು ಒಡೆಯುತ್ತೆ. ಅದರಿಂದ ಹೊರಬಂದ ಒಂಟಿ ಆಕ್ಸಿಜನ್ ಪರಮಾಣು ಗಾಳಿಯ ಆಕ್ಸಿಜನ್ ಜೊತೆ ಸೇರಿ ಓಝೋನ್ ಆಗುತ್ತೆ. ಉಳಿದ ನೈಟ್ರಿಕ್ ಆಕ್ಸೈಡ್ ಆ ಓಝೋನನ್ನು ತಿಂದು ಮತ್ತೆ ಡೈ ಆಕ್ಸೈಡ್ ಆಗುತ್ತೆ. ಇಷ್ಟೇ ಆಗಿದ್ದರೆ ಲೆಕ್ಕ ಸಮ, ಓಝೋನ್ ಹೆಚ್ಚು ಕೂಡಿಬೀಳೋದಿಲ್ಲ. ಹೈಡ್ರೋಕಾರ್ಬನ್ ಆವಿ ಬಂದರೆ ಲೆಕ್ಕ ತಪ್ಪುತ್ತೆ. ಅದರಿಂದ ಹುಟ್ಟುವ ರ‍್ಯಾಡಿಕಲ್‌ಗಳು ನೈಟ್ರಿಕ್ ಆಕ್ಸೈಡನ್ನು ಡೈ ಆಕ್ಸೈಡ್ ಮಾಡಿಬಿಡುತ್ತವೆ, ಓಝೋನ್ ಖರ್ಚಾಗೋದೇ ಇಲ್ಲ. ಹಾಗಾಗಿ ಓಝೋನ್ ಗಂಟೆಗಂಟೆಗೂ ಕೂಡುತ್ತಾ ಹೋಗುತ್ತೆ. ಮೇಲೆ ಸ್ಟ್ರಾಟೋಸ್ಫಿಯರ್‌ನಲ್ಲಿ ನಮ್ಮನ್ನು ಕಾಯುವ ಅದೇ ಅನಿಲ ಕೆಳಗೆ ನಮ್ಮ ಶ್ವಾಸಕೋಶವನ್ನು ಸುಡುತ್ತೆ.

ಹಾಗನ್-ಸ್ಮಿಟ್ ಓಝೋನ್ ಅಳೆಯಲು ಆರಿಸಿಕೊಂಡ ದಾರಿ ನೋಡಿದರೆ ಖುಷಿಯಾಗುತ್ತೆ. ಬಗ್ಗಿಸಿದ ರಬ್ಬರ್ ಪಟ್ಟಿಯನ್ನು ಗಾಳಿಗೆ ಒಡ್ಡಿ, ಎಷ್ಟು ನಿಮಿಷಕ್ಕೆ ಬಿರುಕು ಕಾಣುತ್ತೆ ಅಂತ ಗಡಿಯಾರ ಹಿಡಿದು ನೋಡಿದರು. ರಬ್ಬರ್‌ನಲ್ಲಿ ಡಬಲ್ ಬಾಂಡ್‌ಗಳಿವೆ, ಓಝೋನ್ ಅವನ್ನು ಕತ್ತರಿಸುತ್ತೆ. ಪಿಯುಸಿಯಲ್ಲಿ ಓಝೋನಾಲಿಸಿಸ್ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಟೈರ್ ಬಿರುಕಿನ ಒಗಟೂ ಅಲ್ಲಿಗೆ ಬಿಡಿಸಿತು. ಸಸ್ಯಗಳ ಮೇಲೂ ಪ್ರಯೋಗ ನಡೆಯಿತು. ಹೈಡ್ರೋಕಾರ್ಬನ್ ಆವಿ ಮತ್ತು ಓಝೋನ್ ಸೇರಿಸಿದ ಗಾಳಿಯಲ್ಲಿ ಪಾಲಕ್, ಬೀಟ್, ಓಟ್ಸ್ ಗಿಡಗಳನ್ನು ಇಟ್ಟಾಗ ಹೊಲದಲ್ಲಿ ಕಂಡಂಥದೇ ಕಲೆಗಳು ಎಲೆಗಳ ಮೇಲೆ ಬಂದವು. 1952ರಲ್ಲಿ ಅವರ ಪ್ರಸಿದ್ಧ ಪ್ರಬಂಧ ಪ್ರಕಟವಾಯಿತು.

ಕೆರಳಿಸಿದ ಒಂದು ಭಾಷಣ

ಪೆಟ್ರೋಲ್ ಆವಿಯೇ ಕಾರಣ ಅಂದ ಕೂಡಲೇ ತೈಲ ಉದ್ಯಮಕ್ಕೆ ಇರುಸುಮುರುಸಾಯಿತು. ಆ ಉದ್ಯಮದ ಹಣದಿಂದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಬೇರೆ ಅಧ್ಯಯನ ನಡೆಸುತ್ತಿತ್ತು. ಅಲ್ಲಿನ ವಿಜ್ಞಾನಿಯೊಬ್ಬರು ಕ್ಯಾಲ್‌ಟೆಕ್‌ಗೇ ಬಂದು ಭಾಷಣ ಮಾಡಿ, ಹಾಗನ್-ಸ್ಮಿಟ್ ಅವರ ಫಲಿತಾಂಶ ಸರಿಯಿಲ್ಲ ಅನ್ನುವಂತೆ ಮಾತಾಡಿದರು. ಸಭೆಯಲ್ಲಿ ಹಾಗನ್-ಸ್ಮಿಟ್ ಕೂತಿದ್ದರು.

ಅಷ್ಟರವರೆಗೆ ಅವರ ಮಟ್ಟಿಗೆ ಹೊಗೆಯ ಕೆಲಸ ಮುಗಿದಿತ್ತು. ಉತ್ತರ ಸಿಕ್ಕಿದೆ, ಇನ್ನು ಮತ್ತೆ ಪರಿಮಳಗಳ ಕಡೆ ಹೋಗೋಣ ಅಂತಿದ್ದರು. ಆ ಭಾಷಣ ಕೇಳಿ ಸಿಟ್ಟು ನೆತ್ತಿಗೇರಿತು. ಪ್ರೀತಿಯ ವಿಷಯವನ್ನು ಬದಿಗಿಟ್ಟು ಪೂರ್ತಿ ಹೊಗೆಯ ಹಿಂದೆ ಬಿದ್ದರು. ಪಾರದರ್ಶಕ ಕೋಣೆ ಕಟ್ಟಿ, ಅದರೊಳಗೆ ನೈಟ್ರೋಜನ್ ಆಕ್ಸೈಡ್ ಮತ್ತು ಆವಿ ತುಂಬಿ, ಬೆಳಕು ಹಾಯಿಸಿ, ಲಾಸ್ ಏಂಜಲಿಸ್‌ನ ಹೊಗೆಯನ್ನು ಲ್ಯಾಬ್‌ನಲ್ಲೇ ತಯಾರಿಸಿ ತೋರಿಸಿದರು. ಸ್ವಯಂಸೇವಕರ ಕಣ್ಣುಗಳೂ ಉರಿದು ಸಾಕ್ಷಿ ಹೇಳಿದವು. ಕೆಲವೇ ವರ್ಷಗಳಲ್ಲಿ ಬೇರೆ ಲ್ಯಾಬ್‌ಗಳಲ್ಲೂ ಅದೇ ಫಲಿತಾಂಶ ಬಂತು.

ನಮ್ಮಂಥವರಿಗೆ ಈ ಘಟ್ಟ ಯೋಚನೆಗೆ ಹಚ್ಚುತ್ತೆ. ರಿಪೋರ್ಟ್ ಸಬ್ಮಿಟ್ ಮಾಡಿದರೆ ನಮ್ಮ ಕೆಲಸ ಮುಗೀತು ಅಂತ ನಮಗೆ ಅಭ್ಯಾಸ ಆಗಿದೆ. ಹಾಗನ್-ಸ್ಮಿಟ್‌ಗೂ ಮೊದಲು ಹಾಗೇ ಅನ್ನಿಸಿತ್ತು. ಸತ್ಯ ಕಂಡುಹಿಡಿದ ಮೇಲೆ ಅದರ ಪರವಾಗಿ ನಿಲ್ಲೋದಕ್ಕೂ ಯಾರಾದರೂ ಬೇಕು, ಆ ಯಾರಾದರೂ ತಾನೇ ಆಗಬೇಕಾಗಬಹುದು ಅಂತ ಅವರಿಗೆ ಗೊತ್ತಾದದ್ದು ಐವತ್ತರ ವಯಸ್ಸಿನಲ್ಲಿ.

ಪೇಂಟ್ ಡಬ್ಬಿಯ ಸರದಿ

ಪೆಟ್ರೋಲ್ ಆವಿಗೆ ಒಂದು ನ್ಯಾಯ, ಪೇಂಟ್ ಆವಿಗೆ ಇನ್ನೊಂದು ನ್ಯಾಯ ಇರೋಕೆ ಸಾಧ್ಯ ಇಲ್ಲ. ಪೇಂಟ್ ಅಂದರೆ ಮುಖ್ಯವಾಗಿ ಮೂರು ವಸ್ತು. ಬಣ್ಣ ಕೊಡುವ ಪುಡಿ, ಅದನ್ನು ಗೋಡೆಗೆ ಅಂಟಿಸುವ ಬೈಂಡರ್, ಇವೆರಡನ್ನೂ ಬ್ರಷ್‌ನಲ್ಲಿ ಹರಿಯುವ ಹಾಗೆ ಮಾಡುವ ದ್ರಾವಕ. ಮೊದಲಿನ ಎರಡು ಗೋಡೆಯ ಮೇಲೆ ಉಳಿಯುತ್ತವೆ. ದ್ರಾವಕದ ಕೆಲಸವೇ ಆವಿಯಾಗಿ ಹೋಗೋದು. ಅಂದರೆ ದುಡ್ಡು ಕೊಟ್ಟು ಕೊಂಡ ಡಬ್ಬಿಯ ಒಂದು ಭಾಗವನ್ನು ನಾವು ಬೇಕಂತಲೇ ಗಾಳಿಗೆ ಬಿಡ್ತೀವಿ. ಕಾರ್ಖಾನೆಗಾದರೆ ಚಿಮಣಿ ಇರುತ್ತೆ, ಅಲ್ಲಿ ಆವಿಯನ್ನು ಹಿಡಿಯೋ ಯಂತ್ರ ಕೂರಿಸಬಹುದು. ಮನೆ ಗೋಡೆಗೆ ಚಿಮಣಿ ಎಲ್ಲಿದೆ? ಪೇಂಟ್ ಒಣಗುತ್ತಿರುವ ಸಾವಿರಾರು ಮನೆಗಳಿಗೆ ಫಿಲ್ಟರ್ ಹಾಕೋಕಾಗಲ್ಲ. ಹಾಗಾಗಿ ಉಳಿದಿದ್ದು ಒಂದೇ ದಾರಿ: ಡಬ್ಬಿಯ ಒಳಗಿರೋದನ್ನೇ ಬದಲಿಸೋದು.

1966ರಲ್ಲಿ ಲಾಸ್ ಏಂಜಲಿಸ್ ಜಿಲ್ಲೆ 'ರೂಲ್ 66' ಜಾರಿಗೆ ತಂತು. ಇದನ್ನು ಬರೆದದ್ದು ನಿಯಂತ್ರಣ ಇಲಾಖೆ, ಆದರೆ ಇದು ನಿಂತದ್ದು ಹಾಗನ್-ಸ್ಮಿಟ್ ತೋರಿಸಿದ ಕೆಮಿಸ್ಟ್ರಿಯ ಮೇಲೆ. ಎಲ್ಲ ದ್ರಾವಕಗಳೂ ಬಿಸಿಲಿನಲ್ಲಿ ಒಂದೇ ವೇಗದಲ್ಲಿ ಕ್ರಿಯೆ ನಡೆಸಲ್ಲ, ಚುರುಕಾದವನ್ನು ಮೊದಲು ಹಿಡಿಯೋಣ ಅನ್ನೋದು ಅದರ ತರ್ಕ. ಝೈಲೀನ್‌ನಂಥ, ಎಂಟು ಅಥವಾ ಹೆಚ್ಚು ಕಾರ್ಬನ್ ಇರುವ ಆರೊಮ್ಯಾಟಿಕ್‌ಗಳು ದ್ರಾವಕದಲ್ಲಿ ಶೇ 8 ಮೀರಿದರೆ, ಟಾಲ್ವೀನ್‌ನಂಥವು ಶೇ 20 ಮೀರಿದರೆ ಅದು ಚುರುಕು ದ್ರಾವಕ. ಅಂಥದ್ದು ಬೆರೆತ ಕಟ್ಟಡದ ಪೇಂಟನ್ನು ಒಂದು ಕ್ವಾರ್ಟ್, ಅಂದರೆ ಸುಮಾರು 0.95 ಲೀಟರ್ ಅಥವಾ ಅದಕ್ಕಿಂತ ದೊಡ್ಡ ಡಬ್ಬಿಯಲ್ಲಿ ಮಾರೋ ಹಾಗಿರಲಿಲ್ಲ. ಪೇಂಟ್ ಕಂಪನಿಗಳು ತಮ್ಮ ಫಾರ್ಮುಲಾ ತಿದ್ದಬೇಕಾಯಿತು.

ಈ ತರ್ಕದಲ್ಲಿ ಒಂದು ಕೊರತೆ ಇತ್ತು. ನಿಧಾನವಾದ ದ್ರಾವಕವೂ ಕೊನೆಗೆ ಕ್ರಿಯೆ ನಡೆಸಿಯೇ ನಡೆಸುತ್ತೆ. ಈ ಊರಿನಲ್ಲಿ ಆಗದಿದ್ದರೆ ಗಾಳಿ ಬೀಸಿದ ಕಡೆ, ಮುಂದಿನ ಊರಿನಲ್ಲಿ. ಹಾಗಾಗಿ ಬರುಬರುತ್ತಾ ನಿಯಮಗಳು ಯಾವ ದ್ರಾವಕ ಅಂತ ಕೇಳೋದರ ಜೊತೆಗೆ ಒಟ್ಟು ಎಷ್ಟು ಅಂತಲೂ ಕೇಳತೊಡಗಿದವು. ಲೀಟರಿಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ ಶುರುವಾಯಿತು. ಆ ಲೆಕ್ಕದಲ್ಲಿ ಪಾಸಾಗೋಕೆ ದ್ರಾವಕದ ಜಾಗಕ್ಕೆ ನೀರು ಬರಬೇಕಿತ್ತು. ಅದೃಷ್ಟಕ್ಕೆ ಆ ತಂತ್ರಜ್ಞಾನ ಆಗಲೇ ಇತ್ತು. ಹಾಗನ್-ಸ್ಮಿಟ್ ಹೊಗೆಯ ಕೆಲಸಕ್ಕೆ ಕೈಹಾಕಿದ 1948ರಲ್ಲೇ ಅಮೆರಿಕದ ಗ್ಲಿಡನ್ ಕಂಪನಿ 'ಸ್ಪ್ರೆಡ್ ಸ್ಯಾಟಿನ್' ಅನ್ನುವ ನೀರು ಆಧಾರಿತ ಲೇಟೆಕ್ಸ್ ಪೇಂಟನ್ನು ಮಾರುಕಟ್ಟೆಗೆ ತಂದಿತ್ತು. ಅದರಲ್ಲಿ ಬೈಂಡರ್ ಸಣ್ಣ ಸಣ್ಣ ಪಾಲಿಮರ್ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತೆ. ನೀರು ಆರಿದಾಗ ಕಣಗಳು ಒತ್ತಿಕೊಂಡು ಪದರವಾಗುತ್ತವೆ. ಆ ಕಣಗಳು ಬೆಸೆಯಲು ಸ್ವಲ್ಪ ದ್ರಾವಕ ಬೇಕಾಗಬಹುದು, ಅದಕ್ಕೇ ನೀರಿನ ಪೇಂಟ್ ಅಂದ ಮಾತ್ರಕ್ಕೆ ವಿಓಸಿ ಸೊನ್ನೆ ಅಂತ ಅಲ್ಲ.

ಅಧಿಕಾರದ ಕುರ್ಚಿಯಲ್ಲಿ

1960ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ವಾಹನ ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಿದಾಗ ಹಾಗನ್-ಸ್ಮಿಟ್ ಅದರ ಸದಸ್ಯರಾದರು. 1968ರಲ್ಲಿ ಕೆಲಸ ಶುರು ಮಾಡಿದ ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡ್‌ಗೆ ಮೊದಲ ಅಧ್ಯಕ್ಷರೂ ಅವರೇ. ಟೆಸ್ಟ್ ಟ್ಯೂಬ್ ಹಿಡಿದ ಕೈ ಈಗ ಕಾರ್ ಕಂಪನಿಗಳ ಜೊತೆ, ರಾಜಕಾರಣಿಗಳ ಜೊತೆ ಚೌಕಾಸಿ ಮಾಡಬೇಕಿತ್ತು. 1973ರವರೆಗೆ ಆ ಕುರ್ಚಿಯಲ್ಲಿದ್ದರು. ಅಮೆರಿಕದ ನ್ಯಾಷನಲ್ ಮೆಡಲ್ ಆಫ್ ಸೈನ್ಸ್ ಬಂತು. ಪರಿಸರ ವಿಜ್ಞಾನಕ್ಕೆ ಕೊಡುವ ಟೈಲರ್ ಪ್ರಶಸ್ತಿಯನ್ನು ಮೊಟ್ಟಮೊದಲ ಸಲ ಪಡೆದ ಮೂವರಲ್ಲಿ ಅವರೂ ಒಬ್ಬರು.

1977ರ ಮಾರ್ಚ್ 17ರಂದು ಪ್ಯಾಸಡೀನಾದಲ್ಲಿ ಅವರು ತೀರಿಕೊಂಡರು. ಊರಿನ ಗಾಳಿ ಶುದ್ಧವಾಗಲಿ ಅಂತ ಹೋರಾಡಿದವರನ್ನು ಒಯ್ದದ್ದು ಶ್ವಾಸಕೋಶದ ಕ್ಯಾನ್ಸರ್. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲಿಸ್ ಪ್ರದೇಶದ ಹೊಸ ವಾಯು ಪ್ರಾಧಿಕಾರ ಕಟ್ಟಡದ ಪೇಂಟ್‌ಗಳಿಗೇ ಮೀಸಲಾದ 'ರೂಲ್ 1113' ಒಪ್ಪಿತು. ಅದನ್ನು ನೋಡಲು ಅವರಿರಲಿಲ್ಲ. ಆ ನಿಯಮ ತಿದ್ದುಪಡಿಯಾಗುತ್ತಾ ಆಗುತ್ತಾ ಇವತ್ತು ಸಾಮಾನ್ಯ ಗೋಡೆ ಪೇಂಟ್‌ಗೆ ಲೀಟರಿಗೆ 50 ಗ್ರಾಂ ಮಿತಿಗೆ ಬಂದು ನಿಂತಿದೆ.

ಉಳಿದ ಲೆಕ್ಕ

ಯುರೋಪಿನ ನಿಯಮದ ಅಂಕಿ ತಗೊಂಡು ಒಂದು ಸಣ್ಣ ಲೆಕ್ಕ ಮಾಡೋಣ. ಒಳಗೋಡೆಯ ಮ್ಯಾಟ್ ಪೇಂಟ್ ದ್ರಾವಕ ಆಧಾರಿತವಾಗಿದ್ದರೆ 2007ರಿಂದ ಅಲ್ಲಿ ಲೀಟರಿಗೆ 400 ಗ್ರಾಂವರೆಗೆ ವಿಓಸಿ ಇರಬಹುದಿತ್ತು. 2010ರಿಂದ ಮಿತಿ 30 ಗ್ರಾಂ. ನಾಲ್ಕು ಲೀಟರ್‌ನ ಒಂದು ಡಬ್ಬಿಗೆ ಗುಣಿಸಿ ನೋಡಿ: ಮೊದಲು 1.6 ಕಿಲೋ ಆವಿ ಗಾಳಿಗೆ, ಈಗ 120 ಗ್ರಾಂ. ಗೋಡೆ ಅದೇ, ಬಣ್ಣ ಅದೇ.

ಹಾಗಂತ ಕಥೆ ಮುಗಿದಿಲ್ಲ. ಕಾರುಗಳು ಎಷ್ಟೋ ಶುದ್ಧವಾದ ಮೇಲೆ ಉಳಿದ ಮೂಲಗಳ ಪಾಲು ಎದ್ದು ಕಾಣೋಕೆ ಶುರುವಾಗಿದೆ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಕೈಗಾರಿಕೀಕರಣಗೊಂಡ ನಗರಗಳಲ್ಲಿ ಪಳೆಯುಳಿಕೆ ಇಂಧನ ಮೂಲದ ವಿಓಸಿಯ ಸುಮಾರು ಅರ್ಧ ಪಾಲು ಪೇಂಟ್, ಶಾಯಿ, ಅಂಟು, ಕ್ಲೀನರ್, ಸೆಂಟ್ ಮುಂತಾದ ದಿನಬಳಕೆಯ ವಸ್ತುಗಳಿಂದ ಬರುತ್ತಿದೆ.

ನಮ್ಮ ಬಿಸಿಲಿನಲ್ಲೂ ಇದೇ ಕೆಮಿಸ್ಟ್ರಿ ನಡೆಯುತ್ತೆ. ಭಾರತದ 2009ರ ವಾಯು ಗುಣಮಟ್ಟದ ಮಾನದಂಡದಲ್ಲಿ ಓಝೋನ್‌ಗೆ ಎಂಟು ಗಂಟೆಯ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಬೆಂಗಳೂರಿನ ಎಕ್ಯೂಐ ನೋಡುವಾಗ ಧೂಳಿನ ಅಂಕಿಯ ಪಕ್ಕ ಓಝೋನ್ ಅಂತಲೂ ಒಂದು ಸಾಲು ಇರುತ್ತೆ, ಮುಂದಿನ ಸಲ ಅದನ್ನೂ ಗಮನಿಸೋಣ. ನಮ್ಮಲ್ಲಿ ಸಿವಿಲ್ ಓದುವವರು ನಾಳೆ ಕಟ್ಟಡಕ್ಕೆ ಯಾವ ಪೇಂಟ್ ಅಂತ ಬರೆದುಕೊಡುವವರು. ಗ್ರಿಹಾ, ಐಜಿಬಿಸಿಯಂಥ ಹಸಿರು ಕಟ್ಟಡ ರೇಟಿಂಗ್‌ಗಳಲ್ಲಿ ಕಡಿಮೆ ವಿಓಸಿ ಪೇಂಟ್‌ಗೆ ಜಾಗ ಇದೆ. ಕೆಮಿಕಲ್ ಓದುವವರಿಗೆ ಕಿಟಕಿ ಗ್ರಿಲ್, ಬಾಗಿಲುಗಳ ಎನಾಮಲ್ ಇನ್ನೂ ಕಾಯುತ್ತಿದೆ. ಅಲ್ಲಿ ಥಿನ್ನರ್ ಇಲ್ಲದೆ ಅದೇ ಹೊಳಪು, ಅದೇ ಗಟ್ಟಿತನ ತರೋದು ಗೋಡೆ ಪೇಂಟ್‌ನಷ್ಟು ಸುಲಭ ಅಲ್ಲ. ಬಣ್ಣದ ಶೇಡ್ ಕಾರ್ಡ್ ಜೊತೆಗೆ ಲೀಟರಿಗೆ ಎಷ್ಟು ಗ್ರಾಂ ಅಂತಲೂ ಕೇಳೋದನ್ನು ನಾವೆಲ್ಲ ರೂಢಿ ಮಾಡಿಕೊಂಡರೆ, ಆ ಸಂಖ್ಯೆ ಇನ್ನಷ್ಟು ಕೆಳಗಿಳಿಸುವ ಕೆಲಸ ನಮ್ಮಲ್ಲೇ ಯಾರಾದರೂ ಮಾಡಬಹುದು.